ಎದುರು ಬದಿಯ ಎಣಿಕೆ

ಹೆದ್ದಾರಿಯ ಆಚೆ ಬದಿಗೆ ಅವರು, ಈಚೆ ಬದಿಗೆ ನಾನು. ನಡುವೆ ಇಡೀ ಊರಿನ ವಾಹನಗಳು. ಬಹಳ ದಿನದವರೆಗೆ ನಮ್ಮಿಬ್ಬರ ಪರಿಚಯ ಎಂದರೆ ಇಷ್ಟೇ.

ನಮ್ಮದು ವಾಹನ ಎಣಿಸುವ ಕೆಲಸ. ಒಂದು ಪ್ಲಾಸ್ಟಿಕ್ ಕುರ್ಚಿ, ತಲೆಯ ಮೇಲೆ ಕಟ್ಟಿದ ಕೊಡೆ, ತೊಡೆಯ ಮೇಲೆ ಐದು ಗುಂಡಿಗಳ ಹಲಗೆ. ಬೈಕಿಗೆ ಹೆಬ್ಬೆರಳು, ಕಾರಿಗೆ ತೋರುಬೆರಳು, ಬಸ್ಸಿಗೆ ನಡುಬೆರಳು, ಲಾರಿಗೆ ಉಂಗುರ ಬೆರಳು. ಟ್ರ್ಯಾಕ್ಟರಿನಿಂದ ತಳ್ಳುಗಾಡಿಯವರೆಗೆ ಮಿಕ್ಕದ್ದಕ್ಕೆಲ್ಲ ಕಿರುಬೆರಳು. ನನ್ನ ಮುಂದೆ ಹಾದದ್ದನ್ನು ನಾನು ಒತ್ತಬೇಕು, ತಮ್ಮ ಮುಂದೆ ಹಾದದ್ದನ್ನು ಅವರು. ಎದುರು ಬದಿಯ ಕಡೆ ಕಣ್ಣು ಹಾಯಿಸಬಾರದು ಎನ್ನುವುದು ಮೇಸ್ತ್ರಿಯ ಮೊದಲ ಪಾಠ. ಕಣ್ಣು ಎಲ್ಲಿ ಹೋಗುತ್ತದೋ ಬೆರಳೂ ಅಲ್ಲಿಗೇ ಹೋಗುತ್ತದೆ, ಮನಸ್ಸಿಗೆ ಗೊತ್ತೇ ಆಗುವುದಿಲ್ಲ ಎನ್ನುತ್ತಿದ್ದರು. ಕಾಲು ಗಂಟೆಗೊಮ್ಮೆ ಹಲಗೆಯ ಅಂಕಿಗಳನ್ನು ಹಾಳೆಗೆ ಇಳಿಸಿ, ಸೊನ್ನೆಗೆ ತಿರುಗಿಸಿ, ಮತ್ತೆ ಶುರು ಮಾಡಬೇಕು. ಎರಡು ಬದಿಯವರೂ ಒಟ್ಟಿಗೇ ಶುರು ಮಾಡಲಿ ಎಂದು ಆ ಹೊತ್ತಿಗೆ ಆಚೆ ಬದಿಯಿಂದ ಅವರು ಒಂದು ಕೈ ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ.

ಪದವಿ ಮುಗಿಸಿ, ಸಂದರ್ಶನಗಳಲ್ಲಿ ಬಾಯಿ ಬಿಡಲಾಗದೆ ಎದ್ದು ಬರುತ್ತಿದ್ದ ನನಗೆ ಈ ಕೆಲಸ ಹೇಳಿ ಮಾಡಿಸಿದಂತಿತ್ತು. ಇಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಕೈ ಎತ್ತಿದರೆ ಸಾಕಿತ್ತು.

ಸಂಜೆ ನಮ್ಮನ್ನೆಲ್ಲ ಒಟ್ಟು ಮಾಡಿಕೊಂಡು ಹೋಗಲು ಒಂದು ಹಳೆಯ ವ್ಯಾನು ಬರುತ್ತಿತ್ತು. ಅದರಲ್ಲಿ ದೊಡ್ಡಕ್ಕನದೇ ರಾಜ್ಯ. ಮುಂದಿನ ಸೇತುವೆಯ ಬಳಿ ಎಣಿಸುತ್ತಿದ್ದ ಆಕೆ, ಹಗಲಿಡೀ ಮುಚ್ಚಿಕೊಂಡಿದ್ದ ಬಾಯಿಯ ಬಾಕಿಯನ್ನೆಲ್ಲ ವ್ಯಾನಿನಲ್ಲಿ ತೀರಿಸುತ್ತಿದ್ದಳು.

"ಏನೇ ಡಿಗ್ರಿ, ಇವತ್ತೆಷ್ಟು ಸಲ ಕೈ ಎತ್ತಿದ್ರು ಎದುರುಮನೆಯವರು?" ಇದು ನನಗೆ. ಡಿಗ್ರಿ ಎನ್ನುವುದು ವ್ಯಾನಿನಲ್ಲಿ ನನ್ನ ಹೆಸರು. ಎದುರುಮನೆಯವರು ಎಂದರೆ ಅವರು.

"ಸುಮ್ನಿರಿ ಅಕ್ಕ, ಕೇಳಿಸುತ್ತೆ."

"ಕೇಳಿಸ್ಲಿ ಬಿಡು. ನಮ್ಮ ಯಜಮಾನ್ರು ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಸಲ ನನ್ನ ಕಡೆ ಕೈ ಎತ್ತಿದ್ದಾರೆ. ಅದೂ ಸೊಳ್ಳೆ ಹೊಡೆಯೋಕೆ."

ವ್ಯಾನೆಲ್ಲ ನಗುತ್ತಿತ್ತು. ಚಾಲಕನ ಪಕ್ಕದಲ್ಲಿ ಕೂತ ಅವರು ಮಾತ್ರ ಕಿಟಕಿಯಾಚೆ ನೋಡುತ್ತಿದ್ದರು. ಕಿವಿಯ ಹಿಂದೆ ಕೂದಲು ಆಗಲೇ ನರೆತಿತ್ತು. ಇಸ್ತ್ರಿ ಮಾಡಿದ ಅಂಗಿಯ ಕಾಲರಿನ ಮೇಲೆ ಹೆದ್ದಾರಿಯ ಧೂಳು ಒಂದು ಗೆರೆಯಾಗಿ ಕೂತಿರುತ್ತಿತ್ತು. ಒಂದು ದಿನ ಆ ಗೆರೆಯನ್ನು ಒರೆಸುತ್ತೇನೆ ಎಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಹೀಗಿರುವಾಗ ಕ್ಯಾಮೆರಾ ಬಂತು. ನಮ್ಮ ಜಾಗದಲ್ಲಿ, ನನ್ನ ಕುರ್ಚಿಯ ಬೆನ್ನಿಗೆ ಇದ್ದ ಬಸ್ ಸ್ಟಾಪಿಗೂ ಹಿಂದೆ ಒಂದು ಎತ್ತರದ ಕಂಬ ನೆಟ್ಟರು. ಮೇಲಿನಿಂದ ಅದು ಎರಡೂ ಬದಿಯನ್ನು ನೋಡುತ್ತದೆ, ನೋಡಿದ್ದನ್ನು ಕಂಪ್ಯೂಟರು ತಾನೇ ಎಣಿಸುತ್ತದೆ ಎಂದು ಎಂಜಿನಿಯರ್ ಬಂದು ವಿವರಿಸಿದರು. ಒಂದು ವಾರ ಪರೀಕ್ಷೆ. ನಾವೂ ಎಣಿಸಬೇಕು, ಅದೂ ಎಣಿಸುತ್ತದೆ. ಎರಡೂ ಹೊಂದಿದರೆ ಅದು ಪಾಸು.

"ಅದು ಪಾಸಾದ್ರೆ ಇಲ್ಲಿಂದ ಎರಡೂ ಕುರ್ಚಿ ಎತ್ತಿದ ಹಾಗೇನೇ," ಎಂದರು ಮೇಸ್ತ್ರಿ ವ್ಯಾನಿನಲ್ಲಿ. "ಗಾಬರಿ ಬೇಡ. ಒಳರಸ್ತೆಗಳಿಗೆ ಕ್ಯಾಮೆರಾ ಬರೋಕೆ ಇನ್ನೂ ಕಾಲ ಇದೆ. ಅಲ್ಲಿಗೆ ಹಾಕ್ತೀನಿ."

ಎಂದೂ ಮಾತಾಡದವರು ಅಂದು ಹಿಂದಕ್ಕೆ ತಿರುಗಿದರು. "ನನಗೆ ಬೇರೆ ರಸ್ತೆ ಬೇಡ ಮೇಸ್ತ್ರಿ. ಬಿಸಿಲಾದ್ರೂ ಸರಿ, ಧೂಳಾದ್ರೂ ಸರಿ, ಆ ಕುರ್ಚಿನೇ ಇರ್ಲಿ. ಏನಾದ್ರೂ ಮಾಡಿ."

"ಅಲ್ಲೇನು ನಿಧಿ ಹೂತಿಟ್ಟಿದ್ದೀರಾ?"

ಅವರು ಮತ್ತೆ ಕಿಟಕಿಯತ್ತ ತಿರುಗಿದರು. ದೊಡ್ಡಕ್ಕ ಮೊಣಕೈಯಿಂದ ನನ್ನ ಪಕ್ಕೆಗೆ ತಿವಿದಳು. ಅಷ್ಟು ಸಾಕಾಯಿತು. ಮನೆಗೆ ಹೋದವಳೇ ಕನ್ನಡಿಯ ಮುಂದೆ ನಿಂತೆ. "ಏನು ಹೊಸದಾಗಿ ನೋಡ್ತಿದ್ದೀಯ, ಅದೇ ಮುಖ," ಎಂದಳು ಅತ್ತಿಗೆ, ಒಣಗಿದ ಬಟ್ಟೆ ಮಡಿಸುತ್ತ. ನನಗೂ ಬೇರೆ ರಸ್ತೆ ಬೇಡವಾಗಿತ್ತು. ಕಂಪ್ಯೂಟರು ತಪ್ಪು ಮಾಡಲಿ, ದೊಡ್ಡ ದೊಡ್ಡ ತಪ್ಪು ಮಾಡಲಿ, ಎದುರಿನ ಕುರ್ಚಿ ಅಲ್ಲೇ ಉಳಿಯಲಿ ಎಂದು ಆ ವಾರವಿಡೀ ಬೇಡಿಕೊಂಡೆ.

ವಾರ ಕಳೆದ ಮೇಲೆ ಎಂಜಿನಿಯರ್ ನನ್ನನ್ನು ಕಚೇರಿಗೆ ಕರೆಸಿದರು. ಓದಿದವಳು, ಕಂಪ್ಯೂಟರು ಬರುತ್ತದೆ, ಕೂತು ತಾಳೆ ನೋಡು ಎಂದರು. ಕಿಟಕಿಗೆಲ್ಲ ಪರದೆ ಇಳಿಬಿಟ್ಟ ಕೋಣೆ. ನೆಲದ ಮೇಲೆ ಸುರುಳಿ ಸುರುಳಿ ತಂತಿ. ಕಂಪ್ಯೂಟರಿನ ಪರದೆಯ ಮೇಲೆ ನಮ್ಮ ಹೆದ್ದಾರಿ ಸದ್ದಿಲ್ಲದೆ ಹರಿಯುತ್ತಿತ್ತು. ಬಂದ ಪ್ರತಿ ವಾಹನಕ್ಕೂ ಕಂಪ್ಯೂಟರು ಒಂದು ಬಣ್ಣದ ಚೌಕ ತೊಡಿಸಿ, ಹೆಸರು ಹಚ್ಚಿ, ಗೆರೆ ದಾಟಿದೊಡನೆ ಎಣಿಸಿ ಕೈಬಿಡುತ್ತಿತ್ತು. ಅದಕ್ಕೆ ಬಿಸಿಲಿರಲಿಲ್ಲ, ಬಾಯಾರಿಕೆಯಿರಲಿಲ್ಲ. ನನ್ನ ಎಣಿಕೆಗೂ ಅದರದಕ್ಕೂ ಹೆಚ್ಚುಕಡಿಮೆ ಹೊಂದಿಕೆಯಾಯಿತು.

ಅವರದು ಮಾತ್ರ ಆಗಲಿಲ್ಲ. ದಿನವಿಡೀ ಸರಿ ಇದ್ದದ್ದು, ಮಧ್ಯಾಹ್ನದ ಒಂದು ಕಾಲು ಗಂಟೆ ಮಾತ್ರ ಎಲ್ಲಿಂದೆಲ್ಲಿಗೋ ಹೋಗುತ್ತಿತ್ತು. ಪ್ರತಿದಿನವೂ ಅದೇ ಹೊತ್ತು. ಎಂಜಿನಿಯರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಬೆರಳಿನಿಂದ ಪರದೆಯ ಮೇಲೆ ನನ್ನ ಸಾಲಿಗೂ ಅವರ ಸಾಲಿಗೂ ನಡುವೆ ಗೆರೆ ಎಳೆದರು.

"ನೋಡಮ್ಮ ಇಲ್ಲಿ. ಆ ಹೊತ್ತಿಗೆ ನಿನ್ನದೂ ಅವರದೂ ಒಂದೇ. ಬೈಕು, ಕಾರು, ಬಸ್ಸು, ಐದಕ್ಕೆ ಐದೂ. ಎರಡು ಬದಿಯಲ್ಲಿ ಒಂದೇ ಲೆಕ್ಕದ ವಾಹನ ಓಡಾಡುತ್ತಾ? ಯಾರದನ್ನ ಯಾರು ಕಾಪಿ ಹೊಡೆದದ್ದು?"

ನಾಳೆ ಬೆಳಿಗ್ಗೆ ಎಲ್ಲರನ್ನೂ ಕೂರಿಸಿ ಕೇಳುತ್ತೇನೆ ಎಂದು ಎಂಜಿನಿಯರ್ ಹೊರಗೆ ಹೋದರು. ನಾನು ಆ ಹೊತ್ತಿನ ವೀಡಿಯೋ ತೆಗೆದೆ.

ಮೇಲಿನಿಂದ ನನ್ನ ಕೊಡೆ ಕಾಣುತ್ತಿತ್ತು, ಅದರ ಕೆಳಗೆ ನನ್ನ ಮೊಣಕಾಲು. ರಸ್ತೆಯಾಚೆ ಅವರ ಪೂರ್ತಿ ಮುಖ. ತಮ್ಮ ಬದಿಯ ತಿರುವಿನತ್ತ ನೋಡುತ್ತ ಕೂತಿದ್ದವರು ಆ ಹೊತ್ತಾದೊಡನೆ ತಲೆ ಎತ್ತಿದರು. ನೆಟ್ಟಗೆ ನನ್ನ ಕಡೆ ನೋಡಿದರು. ನೋಡುತ್ತಲೇ ಇದ್ದರು. ಚಿತ್ರವನ್ನು ದೊಡ್ಡದು ಮಾಡಿದೆ. ಅವರ ಮುಂದೆಯೇ ಲಾರಿಯೊಂದು ಹಾದುಹೋಯಿತು, ಬೆರಳು ಅಲುಗಲಿಲ್ಲ. ನನ್ನ ಮುಂದೆ ಕಾರು ಹಾದಾಗ ಅವರ ತೋರುಬೆರಳು ಒತ್ತಿತು. ಬಸ್ಸು ಬಂದಾಗ ನಡುಬೆರಳು ಒತ್ತಿತು. ಅವರು ಯಾರದನ್ನೂ ನೋಡಿ ಬರೆದಿರಲಿಲ್ಲ. ಕಣ್ಣು ಹೋದಲ್ಲಿಗೆ ಬೆರಳು ಹೋಗಿತ್ತು. ತಮ್ಮ ರಸ್ತೆಯನ್ನು ಮರೆತು ನನ್ನ ರಸ್ತೆಯನ್ನು ಎಣಿಸಿದ್ದರು. ಕಾಲು ಗಂಟೆ ಮುಗಿದಾಗ ಏನೂ ಆಗದವರ ಹಾಗೆ ಕೈ ಎತ್ತಿದರು.

ಎಲ್ಲ ದಿನಗಳದ್ದನ್ನೂ ನೋಡಿದೆ. ಎಲ್ಲ ದಿನವೂ ಅದೇ. ಪರದೆ ಇಳಿಬಿಟ್ಟ ಆ ಕೋಣೆಯಲ್ಲಿ ಒಬ್ಬಳೇ ಕೂತು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಮರುದಿನ ಎಂಜಿನಿಯರ್ ಮೇಜಿನ ಒಂದು ಕಡೆ, ನಾವೆಲ್ಲ ಇನ್ನೊಂದು ಕಡೆ. ಅವರು ವಿಷಯ ಹೇಳಿ ಮುಗಿಸುವ ಮೊದಲೇ ಹೆದ್ದಾರಿಯ ಎದುರು ಬದಿಯವರು ಎದ್ದು ನಿಂತರು.

"ಕಾಪಿ ಮಾಡಿದ್ದು ನಾನು ಸರ್. ಸಂಜೆ ವ್ಯಾನಲ್ಲಿ ಹಾಳೆ ಜೋಡಿಸುವಾಗ ನೋಡಿ ಬರೆದೆ. ಆ ಹುಡುಗಿಗೆ ಏನೂ ಗೊತ್ತಿಲ್ಲ."

"ಯಾಕೆ ಬರೆದ್ರಿ?"

"ಮಧ್ಯಾಹ್ನ ತೂಕಡಿಕೆ ಬರುತ್ತೆ."

ಮೇಸ್ತ್ರಿ ತಲೆ ಚಚ್ಚಿಕೊಂಡರು. "ಅಯ್ಯೋ ಮಹಾರಾಯ, ತೂಕಡಿಸಿದ್ರೆ ಸೊನ್ನೆ ಬರೀಬೇಕಿತ್ತು. ಕದ್ದು ಬರೆದೋನು ಅಂತ ಹೆಸರು ಬಿದ್ರೆ ನಾಳೆ ಯಾವ ರಸ್ತೆಗೂ ನಿಮ್ಮನ್ನ ಹಾಕೋ ಹಾಗಿಲ್ಲ. ಗೊತ್ತಿದೆ ತಾನೆ?"

"ಗೊತ್ತಿದೆ."

ನನ್ನ ಮಾನ ಕಾಪಾಡಲು ಅವರು ಕಳ್ಳರಾಗುತ್ತಿದ್ದಾರೆ ಎಂದುಕೊಂಡೆ. ಎದ್ದು ನಿಂತದ್ದು ನಾನೇ ಎಂದು ನನಗೆ ತಿಳಿದದ್ದು ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿನಿಂದ.

"ಅವ್ರು ಕಾಪಿ ಮಾಡಿಲ್ಲ," ಎಂದೆ. "ವೀಡಿಯೋದಲ್ಲಿದೆ. ತೂಕಡಿಸ್ತಾನೂ ಇರ್ಲಿಲ್ಲ. ಅವ್ರು ನನ್ನ... ನನ್ನ ಕಡೆ ನೋಡ್ತಾ ಕೂತಿದ್ರು."

ಹಿಂದಿನಿಂದ ಯಾರೋ ಕಿಸಕ್ಕೆಂದರು. ದೊಡ್ಡಕ್ಕ, "ಅಬ್ಬಾ, ಡಿಗ್ರಿ ಬಾಯಿ ಬಿಟ್ಲಲ್ಲಪ್ಪ," ಎಂದಳು. ಎಂಜಿನಿಯರ್ ಮುಖದಲ್ಲೂ ನಗು ಮೂಡಿತು. ನಾನು ಮಾತ್ರ ಎದುರು ಬದಿಯವರನ್ನೇ ನೋಡುತ್ತಿದ್ದೆ. ಅವರ ಮುಖದಲ್ಲಿ ನಾಚಿಕೆಯಿರಲಿಲ್ಲ, ಸಿಟ್ಟೂ ಇರಲಿಲ್ಲ. ಎಡವಿ ಬಿದ್ದ ಮಗುವನ್ನು ದೂರದಿಂದ ನೋಡಿದವರ ಹಾಗೆ ನೋಡಿದರು.

"ಇಲ್ಲ ಸರ್," ಎಂದರು. "ಆಕೆ ಒಳ್ಳೆ ಮನಸ್ಸಿಂದ ಹೇಳ್ತಿದ್ದಾರೆ. ಕಾಪಿ ಮಾಡಿದ್ದೇ ನಿಜ."

ಎಂಜಿನಿಯರ್‌ಗೆ ಅಷ್ಟು ಸಾಕಿತ್ತು. ನೋಡಿದ್ದೋ, ಬರೆದದ್ದೋ, ಯಾವುದಾದರೂ ಅವರಿಗೆ ಒಂದೇ. ಕಂಪ್ಯೂಟರು ಪಾಸಾಯಿತು. ಎದುರು ಬದಿಯವರ ಕೆಲಸ ಹೋಯಿತು. ನನಗೆ ಕಚೇರಿಯಲ್ಲೇ ಒಂದು ಮೇಜು ಸಿಕ್ಕಿತು.

ಅಂಗಳದಲ್ಲಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಅವರು ನನಗಾಗಿ ಕಾದಿದ್ದರು. ಅಷ್ಟು ಹತ್ತಿರದಿಂದ ಅವರನ್ನು ನಾನು ನೋಡಿದ್ದು ಅದೇ ಮೊದಲು.

"ಯಾಕೆ ಸುಳ್ಳು ಹೇಳಿದ್ರಿ?" ಎಂದೆ.

"ತಂಗೀ," ಎಂದರು ಅವರು.

ಆ ಒಂದು ಮಾತಿಗೇ ನನಗೆ ಎಲ್ಲ ಅರ್ಥವಾಗಬೇಕಿತ್ತು. ಆದರೂ ನಿಂತಿದ್ದೆ.

"ನಿಮ್ಮ ಕುರ್ಚಿ ಹಿಂದೆ ಬಸ್ ಸ್ಟಾಪ್ ಇದೆಯಲ್ಲ, ಮಧ್ಯಾಹ್ನ ಅಲ್ಲಿ ಶಾಲೆ ಬಸ್ ಬರುತ್ತೆ. ನನ್ನ ಮಗಳು ಇಳೀತಾಳೆ. ಅವಳಮ್ಮ ಬಂದು ಕರ್ಕೊಂಡು ಹೋಗ್ತಾಳೆ. ಅಮ್ಮ ಬರೋದು ತಡವಾದ್ರೆ ಅಲ್ಲೇ ಬೆಂಚಿನ ಮೇಲೆ ಕಾಲು ಆಡಿಸ್ತಾ ಕೂತಿರ್ತಾಳೆ. ಅಂಥ ದಿನ ನನಗೆ ಹಬ್ಬ."

ಅವರು ನೆಲ ನೋಡುತ್ತ ಮುಂದುವರಿಸಿದರು.

"ಕುಡೀತಿದ್ದೆ ನಾನು. ಮನೆಯಲ್ಲಿ ಆಡಬಾರದ ಆಟ ಎಲ್ಲ ಆಡಿದೆ. ನನ್ನ ನೆರಳು ಕಂಡ್ರೂ ಮಗು ಕರ್ಕೊಂಡು ಊರು ಬಿಡ್ತೀನಿ ಅಂದಿದ್ದಾಳೆ ನನ್ನ ಹೆಂಡತಿ. ಅವಳದೇನೂ ತಪ್ಪಿಲ್ಲ. ಈಗ ಬಿಟ್ಟಿದ್ದೀನಿ, ಆದ್ರೆ ಯಾವ ಮುಖ ಇಟ್ಕೊಂಡು ಹೋಗಿ ಹೇಳ್ಲಿ? ಕೊಡೆ ಕೆಳಗೆ ಹಲಗೆ ಹಿಡ್ಕೊಂಡು ಕೂತವನನ್ನ ಯಾರೂ ನೋಡಲ್ಲ. ಮೈಲಿಗಲ್ಲಿನ ಹಾಗೆ. ಆ ಕುರ್ಚಿ ಇಲ್ದೆ ಅಲ್ಲಿ ಸುಮ್ನೆ ನಿಂತ್ರೆ ಒಂದೇ ದಿನಕ್ಕೆ ಗುರುತು ಹಿಡೀತಾಳೆ. ವೀಡಿಯೋ ಎಲ್ಲರ ಮುಂದೆ ಹಾಕಿದ್ರೆ ಯಾಕೆ ನೋಡ್ತಿದ್ದೆ ಅಂತ ಕೇಳ್ತಿದ್ರು. ಮಾತು ಅವಳ ಕಿವಿಗೆ ಬೀಳೋಕೆ ಎಷ್ಟು ಹೊತ್ತು? ಅದಕ್ಕೇ ಕಾಪಿ ಅಂದೆ. ನೀವು ಎದ್ದು ನಿಲ್ತೀರಿ ಅಂತ ಗೊತ್ತಿರ್ಲಿಲ್ಲ. ಬೇಜಾರು ಮಾಡ್ಕೋಬೇಡಿ."

"ಇಲ್ಲ," ಎಂದೆ. ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಅವರು ಹೊರಟು, ಎರಡು ಹೆಜ್ಜೆ ಹೋಗಿ, ಮತ್ತೆ ಬಂದರು. "ಆ ಕ್ಯಾಮೆರಾದಲ್ಲಿ ಬಸ್ ಸ್ಟಾಪ್ ಕಾಣುತ್ತಾ?"

ಕಾಣುತ್ತಿತ್ತು. ಪರದೆಯ ಕೆಳಗಿನ ಮೂಲೆಯಲ್ಲಿ ಅರ್ಧ ಬೆಂಚು, ಕಸದ ಡಬ್ಬಿ, ಬಸ್ಸಿನ ಬಾಗಿಲು. ಅವರ ಮುಖವೊಂದನ್ನೇ ನೋಡುತ್ತಿದ್ದ ನಾನು ಆ ಮೂಲೆಯತ್ತ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ. ಅಂದು ಮಧ್ಯಾಹ್ನ ನೋಡಿದೆ. ಬಸ್ಸಿನಿಂದ ಬೆನ್ನಿಗಿಂತ ದೊಡ್ಡ ಚೀಲ ಹೊತ್ತ ಪುಟ್ಟ ಹುಡುಗಿ ಇಳಿದಳು. ಕಿವಿಯ ಮೇಲೆ ಎತ್ತಿ ಕಟ್ಟಿದ ಎರಡು ಜಡೆ. ಕಂಪ್ಯೂಟರು ಅವಳಿಗೂ ಒಂದು ಹಸಿರು ಚೌಕ ತೊಡಿಸಿ, ಬೈಕು ಎಂದು ಹೆಸರು ಹಚ್ಚಿತು.

ಅವರು ಈಗ ಒಂದು ಬಟ್ಟೆಯಂಗಡಿಯ ಗೋದಾಮಿನಲ್ಲಿದ್ದರು. ದಿನಾ ನೋಡಿ ಹೇಳುತ್ತೇನೆ ಎಂದು ನಾನು ಕೊಟ್ಟಿದ್ದ ನಂಬರಿಗೆ ಸಂಜೆ ನನ್ನ ಊಟದ ಹೊತ್ತಿಗೆ ಅವರ ಫೋನು ಬರುತ್ತಿತ್ತು.

"ಬಂದ್ಲಾ?"

"ಬಂದ್ಲು. ಕೆಂಪು ಸ್ವೆಟರು ಹಾಕಿದ್ಲು. ಒಂದು ಮಾತು ಹೇಳ್ಲಾ, ನಮ್ಮ ಕಂಪ್ಯೂಟರು ನಿಮ್ಮ ಮಗಳನ್ನ ಬೈಕು ಅನ್ನುತ್ತೆ."

ಆ ಕಡೆಯಿಂದ ಏನೂ ಕೇಳಿಸಲಿಲ್ಲ. ಆಮೇಲೆ ತಿಳಿಯಿತು, ಅವರು ನಗುತ್ತಿದ್ದಾರೆ. ನಕ್ಕು ನಕ್ಕು ಕೆಮ್ಮು ಬಂತು. "ಮತ್ತೆ? ಮನೇಲಿದ್ದಾಗ್ಲೂ ಒಂದು ಕಡೆ ನಿಲ್ತಿರ್ಲಿಲ್ಲ. ಸರಿಯಾಗೇ ಹೇಳಿದೆ ಬಿಡಿ ನಿಮ್ಮ ಕಂಪ್ಯೂಟರು."

ಆ ನಗುವನ್ನು ನಾನು ಇಟ್ಟುಕೊಂಡೆ. ನನ್ನದಲ್ಲದಿದ್ದರೂ ಇಟ್ಟುಕೊಂಡೆ. ಪ್ರತಿದಿನ ಅವರಿಗೆ ಹೇಳಲು ಏನಾದರೂ ಹುಡುಕುತ್ತಿದ್ದೆ. ಚೀಲದ ಪಟ್ಟಿ ಜಾರಿತ್ತು. ಬಸ್ಸಿನ ಚಾಲಕನಿಗೆ ಟಾಟಾ ಮಾಡಿದಳು. ಬೆಂಚಿನ ಮೇಲೆ ಹತ್ತಿ ನಿಂತಳು, ಅಮ್ಮ ಬಂದು ಇಳಿಸಿದರು. ಅವರು "ಹೂಂ" ಎನ್ನುತ್ತಿದ್ದರು. "ಇನ್ನೊಂದ್ಸಲ ಹೇಳಿ," ಎನ್ನುತ್ತಿದ್ದರು.

ಆದರೆ ಎಂಜಿನಿಯರ್ ಕಣ್ಣಿಗೂ ಆ ತಪ್ಪು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಬೈಕುಗಳು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಿವೆ ಎಂದು ನೋಡಿದರೆ, ಬಸ್ಸಿನಿಂದ ಇಳಿಯುವ ಮಕ್ಕಳು!

"ಆ ಮೂಲೆ ಮುಚ್ಚಿಬಿಡಮ್ಮ. ನಮಗೆ ಬೇಕಾದದ್ದು ರಸ್ತೆ ಮಾತ್ರ."

"ಎಣಿಸೋ ಗೆರೆ ಆಚೆ ಸರಿಸಿದ್ರೆ ಸಾಕಲ್ವಾ ಸರ್?"

"ಅಷ್ಟೆಲ್ಲ ಯಾಕೆ? ಜನರ ಮುಖ ಇಟ್ಕೊಳ್ಳೋದೇ ಬೇಡ ಅಂತ ಮೇಲಿನಿಂದಲೂ ಹೇಳಿದ್ದಾರೆ. ಮುಚ್ಚು."

ಎಂಜಿನಿಯರ್ ಹೇಳಿದ್ದು ತಪ್ಪೇನಲ್ಲ. ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ರಸ್ತೆಯ ಅಂಚಿಗೆ ಬಿಂದುಗಳನ್ನಿಟ್ಟು, ಒಂದರಿಂದ ಒಂದಕ್ಕೆ ಗೆರೆ ಎಳೆದು, ಕೊನೆಯ ಬಿಂದುವನ್ನು ಮೊದಲನೆಯದಕ್ಕೆ ಸೇರಿಸಿದೆ. ಗೆರೆಯಾಚೆಯದೆಲ್ಲ ಕಪ್ಪಾಯಿತು. ಬೆಂಚು, ಡಬ್ಬಿ, ಬಸ್ಸಿನ ಬಾಗಿಲು, ಎಲ್ಲ. ಬಸ್ಸು ಬಂದು ಅರ್ಧ ಕಪ್ಪಿನಲ್ಲಿ ನಿಂತು, ಮತ್ತೆ ಹೊರಟಿತು. ಬೈಕುಗಳ ಲೆಕ್ಕ ಸರಿಹೋಯಿತು.

ಅಂದು ಸಂಜೆ ಫೋನು ಬಂದಾಗ ಹೇಳಿಬಿಡಬೇಕೆಂದೇ ಇದ್ದೆ.

"ಬಂದ್ಲಾ?"

ಆ ಧ್ವನಿ ಕೇಳಿ ನನಗೆ ಹೇಳಲಾಗಲಿಲ್ಲ. "ಬಂದ್ಲು," ಎಂದೆ. "ಕೆಂಪು ಸ್ವೆಟರು."

ಮಾರನೆಯ ದಿನವೂ ಹೇಳಿದೆ. ಆಮೇಲೆ ಅದು ಸಲೀಸಾಯಿತು. ನೋಡಿದ್ದ ದಿನಗಳನ್ನೇ ತಿರುವಿ ಹಾಕಿ, ಒಂದು ದಿನದ ಜಡೆಗೆ ಇನ್ನೊಂದು ದಿನದ ಟಾಟಾ ಸೇರಿಸಿ ಹೇಳುತ್ತಿದ್ದೆ. ಅದೂ ಸಾಲದಾದಾಗ ನಾನೇ ಹುಟ್ಟಿಸಿದೆ. ಗೆಳತಿಯ ಜೊತೆ ಕೈ ಹಿಡಿದು ಇಳಿದಳು ಎಂದೆ. ಕಾಗದದ ಗಾಳಿಪಟ ತಂದಿದ್ದಳು ಎಂದೆ. ಬರಬರುತ್ತ ಆ ಹುಡುಗಿ ಪರದೆಯ ಮೇಲೆ ಇದ್ದದ್ದಕ್ಕಿಂತ ಹೆಚ್ಚು ಜೀವಂತವಾಗಿ ನನ್ನ ಬಾಯಲ್ಲಿ ಓಡಾಡತೊಡಗಿದಳು. ಅವರಿಗಾಗಿ ಹೇಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ಫೋನು ನಿಂತುಹೋಗುತ್ತದೆ ಎನ್ನುವ ಭಯವೂ ಅಷ್ಟೇ ಇತ್ತು.

ಒಂದು ಸಂಜೆ, ಅವಳು ಇವತ್ತು ಚೀಲ ಹೊರಲಾಗದೆ ಎಳೆದುಕೊಂಡು ಹೋದಳು, ಪುಸ್ತಕ ಜಾಸ್ತಿ ಇದ್ದವೇನೋ ಎಂದು ಹೇಳಿ ಮುಗಿಸಿದೆ. ಅವರು "ಹೂಂ" ಎನ್ನಲಿಲ್ಲ.

"ತಂಗೀ, ಶಾಲೆಗೆ ರಜೆ."

ನಾನು ಅನ್ನ ಕಲೆಸುತ್ತಿದ್ದ ಕೈಯನ್ನು ಹಾಗೇ ತಟ್ಟೆಯಲ್ಲಿ ಬಿಟ್ಟೆ.

"ಪರೀಕ್ಷೆ ಮುಗಿದು ಈ ವಾರ ಪೂರ್ತಿ ರಜೆ. ಅಂಗಡಿಗೆ ಅಮ್ಮಂದಿರ ಜೊತೆ ಅದೇ ಶಾಲೆ ಮಕ್ಕಳು ಬಂದಿದ್ರು, ಮಾತಾಡ್ಕೊಳ್ತಿದ್ರು."

"ಅಂದ್ರೆ... ಮೊನ್ನೆಯಿಂದ..."

"ಮೊನ್ನೆಯಿಂದ್ಲೇ ಗೊತ್ತಿತ್ತು. ಆದ್ರೂ ಫೋನ್ ಮಾಡಿ ಕೇಳಿದೆ. ನೀವು ಹೇಳೋದು ಚೆನ್ನಾಗಿತ್ತು." ಗೋದಾಮಿನಲ್ಲಿ ಯಾರೋ ಗಂಟು ಎತ್ತಿ ಎಸೆದ ಸದ್ದು. "ಆ ಗಾಳಿಪಟ... ಅದೂ ಇರ್ಲಿಲ್ವಾ?"

"ಇರ್ಲಿಲ್ಲ."

"ಸರಿ."

"ಆ ಮೂಲೆ ಮುಚ್ಚಿಬಿಟ್ರು. ಮುಚ್ಚಿದ್ದು ನಾನೇ. ಶಾಲೆ ಶುರುವಾದ ಮೇಲೆ ರಜೆ ಹಾಕಿ ನಾನೇ ಸ್ಟಾಪಿಗೆ ಹೋಗಿ ನೋಡ್ಕೊಂಡು ಬರ್ತೀನಿ. ಇದ್ದದ್ದು ಇದ್ದ ಹಾಗೇ ಹೇಳ್ತೀನಿ. ದೇವರಾಣೆ."

"ಬೇಡ." ಅವರ ಧ್ವನಿ ಮೆತ್ತಗಿತ್ತು. "ನೀವು ಹೋಗಿ ಬಂದು ಹೇಳಿದ್ರೂ ಇನ್ನು ನನಗೆ ನಂಬೋಕಾಗಲ್ಲ. ನಂಬದೇ ಕೇಳ್ತಾ ಕೂತ್ರೆ ಅದೂ ಕುಡಿತದ ಹಾಗೇ ಆಗುತ್ತೆ, ಬಿಡೋಕಾಗಲ್ಲ. ನಾಳೆಯಿಂದ ಮಾಡಲ್ಲ. ನೀವು ಚೆನ್ನಾಗಿರಿ."

ಫೋನು ಇಟ್ಟರು. ಅಷ್ಟು ದಿನ ಮಾತಾಡಿದರೂ ಅವರಿಗೆ ಹೇಳಬೇಕೆಂದಿದ್ದ ನನ್ನದೊಂದು ಮಾತನ್ನೂ ನಾನು ಹೇಳಿರಲಿಲ್ಲ.

ಅತ್ತಿಗೆ ಸಾರಿನ ಪಾತ್ರೆ ಹಿಡಿದು ನಿಂತಿದ್ದಳು. "ಯಾರೇ ಅದು, ದಿನಾ ಇದೇ ಹೊತ್ತಿಗೆ?"

"ಆಫೀಸಿನವ್ರು. ನಾಳೆಯಿಂದ ಮಾಡಲ್ವಂತೆ."

"ಒಳ್ಳೇದಾಯ್ತು ಬಿಡು," ಎಂದಳು ಅತ್ತಿಗೆ, ನನ್ನ ತಟ್ಟೆಗೆ ಸಾರು ಬಡಿಸುತ್ತ. "ಊಟಾನಾದ್ರೂ ಬಿಸಿಬಿಸಿ ಮಾಡ್ಬಹುದು."